ಬೀದರಿನ ಲಿನಕ್ಸ್ ದಾಸೋಹ

ಸಂಬಳವಿಲ್ಲದ ಕೆಲಸದಲ್ಲಿ ಬೇರೆ ಯಾವುದಕ್ಕೆ ಬರವಿದ್ದರೂ ಫಜೀತಿಗೆ ಬರವಿಲ್ಲ. ಹಗಲು ನಾನು ಬೀದರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಉಳಿದ ಹೊತ್ತು ಒಂದು ಲಿನಕ್ಸ್ ತಂಡಕ್ಕೆ ನಮ್ಮ ಜಿಲ್ಲೆಯ ಸಂಯೋಜಕಿ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಒಪ್ಪವಾಗಿ ಜೋಡಿಸಿ ಜನರಿಗೆ ತಲುಪಿಸುವ ತಂಡಗಳು ಜಗತ್ತಿನ ತುಂಬ ಇವೆ. ಅಂಥ ಒಂದು ತಂಡದಲ್ಲಿ ನಮ್ಮ ಪಾಲಿಗೆ ಬಂದದ್ದು ಹಳೆಯ ಕಂಪ್ಯೂಟರ್‌ಗಳಲ್ಲಿ ಓಡುವ ಆವೃತ್ತಿಯನ್ನು ಪರೀಕ್ಷಿಸಿ, ತಿದ್ದಿ, ಕನ್ನಡಕ್ಕೆ ತರುವ ಕೆಲಸ.

ನನ್ನ ಸೈನ್ಯದಲ್ಲಿ ಮೂವರು. ಬೀದರಿನ ಹಳೇ ಪೇಟೆಯಲ್ಲಿ ರಿಪೇರಿ ದುಕಾನ ಇಟ್ಟಿರುವ ಉಸ್ತಾದರು, ಔರಾದ ತಾಲ್ಲೂಕಿನ ಡಾಬಕಾದಲ್ಲಿ ಸಾಲಿ ಕಲಿಸುವ ಅಕ್ಕೋರು, ಭಾಲ್ಕಿಯಲ್ಲಿ ಧರ್ಮಕಾಂಟಾ ನಡೆಸುವ ಮಾಲಕರು. ಧರ್ಮಕಾಂಟಾ ಎಂದರೆ ಲಾರಿ, ಟ್ರ್ಯಾಕ್ಟರ್‌ಗಳನ್ನು ಹೇರಿದ ಮಾಲಿನ ಸಮೇತ ತೂಗುವ ಕಾಂಟಾ. ಇಷ್ಟೇ ಜನರನ್ನು ಕಟ್ಟಿಕೊಂಡು ಜಗತ್ತಿನ ಜೊತೆ ಜಗಳಕ್ಕೆ ನಿಂತಿದ್ದೀರಾ ಎಂದು ಕಾಲೇಜಿನಲ್ಲಿ ನಗುತ್ತಾರೆ. ನಗಲಿ. ನಕ್ಕವರ ಕಂಪ್ಯೂಟರ್ ಕೆಟ್ಟಾಗ ಅವರು ಬರುವುದು ನಮ್ಮ ಉಸ್ತಾದರ ದುಕಾನಿಗೇ.

ಯಾವ ಪೋಸ್ಟು?

ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಿ ದಿನಾ ವಿಭೂತಿ ಹಚ್ಚಿ ವಚನ ಓದುವವರು. ನಾನು ಅಂಗಳದಲ್ಲಿ ನಿಂತು ಫೋನಿನಲ್ಲಿ ಯಾರ ಜೊತೆಗೋ ವಾದ ಮಾಡುವುದನ್ನು ಬಹಳ ದಿನ ನೋಡಿ, ಒಂದು ಸಂಜೆ ತಡೆಯಲಾರದೆ ಕೇಳಿದರು.

"ತಂಗಿ, ನಿಂದು ಅದು ಏನ್ ಪೋಸ್ಟು?"

"ಸಂಯೋಜಕಿ, ಕಾಕಿ."

"ಸರ್ಕಾರಿ?"

"ಅಲ್ರಿ."

"ಪ್ರೈವೇಟ್?"

"ಅದೂ ಅಲ್ರಿ. ಎಲ್ಲಾರೂ ಕೂಡಿ ಮಾಡ್ತೀವಿ, ಬೇಕಾದವರು ಒಯ್ತಾರ. ಯಾರಿಗೂ ಪಗಾರ ಇಲ್ಲ."

"ಹಂಗಂದ್ರ ದಾಸೋಹ ಅನ್ನು!"

ನಾನು ಎಷ್ಟೋ ಕಡೆ ಪರದೆ ಕಟ್ಟಿ ಚಿತ್ರ ತೋರಿಸಿ ತಾಸುಗಟ್ಟಲೆ ಹೇಳಿದ್ದನ್ನು ಕಾಕಿ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ನನಗೆ ಖುಷಿಯಾಯಿತು. ಕಾಕಿ ಬಿಡಬೇಕಲ್ಲ!

"ಆದ್ರ ದಾಸೋಹದಾಗ ಉಂಡವರು ತಮ್ಮ ತಾಟ ತಾವೇ ತೊಳೀತಾರ. ನಿಮ್ಮಲ್ಲಿ?"

"ನಮ್ಮಲ್ಲಿ ತೊಳಿಯಲ್ಲ ಕಾಕಿ. ಪಲ್ಯಾಕ ಉಪ್ಪು ಕಮ್ಮಿ ಆಗ್ಯದ ಅಂತ ಜಗತ್ತಿಗೆಲ್ಲಾ ಕಾಣಂಗ ಬರೀತಾರ."

"ಬರೀಲಿ ಬಿಡು. ಬರದವರ ಕೈಯಾಗೇ ಉಪ್ಪಿನ ಡಬ್ಬಿ ಕೊಡು."

ಅಂದಿನಿಂದ ದೂರು ಬರೆದವರಿಗೆಲ್ಲ ನಾನು ಅದನ್ನು ಸರಿಮಾಡುವ ಕೆಲಸವನ್ನೇ ಹಚ್ಚತೊಡಗಿದೆ. ದೂರುಗಳು ಕೂಡಲೇ ಅರ್ಧಕ್ಕಿಳಿದವು.

ಆಯ್ತು, ಒಯ್ರಿ

ತಂತ್ರಾಂಶದಲ್ಲಿ ದೋಷ ಕಂಡರೆ ಏನು ಮಾಡಿದಾಗ ಕಂಡಿತು, ಹೇಗೆ ಸರಿಹೋಯಿತು ಎಂದು ವಿವರವಾಗಿ ಬರೆಯಬೇಕೆಂಬುದು ನಮ್ಮ ತಂಡದ ಪದ್ಧತಿ. ಉಸ್ತಾದರು ಕಳಿಸಿದ ಮೊದಲ ವರದಿ ಹೀಗಿತ್ತು: "ಖರಾಬ್ ಆಗಿತ್ತು. ಮಾಡೀನಿ. ಒಯ್ರಿ."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಚಳಿದೇಶದಲ್ಲಿ ಕೂತ ನಮ್ಮ ತಂಡದ ತಂತ್ರಜ್ಞರೊಬ್ಬರು ಬಹಳ ವಿನಯದಿಂದ, ಏನು ಖರಾಬ್ ಆಗಿತ್ತು ಎಂದು ಕೇಳಿದರು. ನಾನು ದುಕಾನಿಗೆ ಹೋದೆ.

"ಮೇಡಂ, ನಮ್ಮ ಅಬ್ಬಾ ಈ ದುಕಾನದಾಗ ರೇಡಿಯೋ ರಿಪೇರಿ ಮಾಡ್ತಿದ್ರು," ಎಂದರು ಉಸ್ತಾದರು. "ಏನ್ ಹೋಗಿತ್ತು ಅಂತ ಗಿರಾಕಿಗಿ ಒಂದಿನಾನೂ ಹೇಳಿಲ್ಲ. ಹೇಳಿದ್ರ ನಾಳೆ ಅವ ಮನ್ಯಾಗ ತಾನೇ ಬಿಚ್ಕೊಂಡ್ ಕೂಡ್ತಾನ."

"ನಮ್ಮಲ್ಲಿ ಎಲ್ಲಾರೂ ಬಿಚ್ಕೊಂಡು ಕೂಡಬೇಕು ಅಂತನೇ ಮಾಡೋದ್ರಿ ಉಸ್ತಾದ್."

"ತೋಬಾ! ಹಂಗಾದ್ರ ದುಕಾನ ಹ್ಯಾಂಗ ನಡೀತದ್ರಿ?"

ಎರಡು ಕಪ್ ಚಹಾ ಆಯಿತು. ಕೊನೆಗೆ, ಅವರು ಹೇಳಿಕೊಟ್ಟರೆ ಡಾಬಕಾದ ಮಕ್ಕಳ ಕಂಪ್ಯೂಟರ್ ಓಡುತ್ತದೆ ಎಂದಾಗ ಮೆತ್ತಗಾದರು. ಒಪ್ಪಿಕೊಂಡ ಮೇಲೆ ಉಸ್ತಾದರಿಗೆ ಕೈ ಬಿಗಿಹಿಡಿದು ಗೊತ್ತಿಲ್ಲ. ಮುಂದಿನ ವರದಿ ಪುಟಗಟ್ಟಲೆ ಬಂತು. ಗಿರಾಕಿ ಎಲ್ಲಿಯವನು, ಹೊರಗೆ ಎಷ್ಟು ಬಿಸಿಲಿತ್ತು ಎಲ್ಲ ಇತ್ತು. ಅದರ ಸಾರ ಇಷ್ಟು: ತಂತ್ರಾಂಶ ಹಾಕುವಾಗ ನಡುವೆ ಕರೆಂಟ್ ಹೋಗಿ, ಬಂದು, ಮತ್ತೆ ಹೋಗಿ ಬಂದರೆ ಪರದೆ ಕಪ್ಪಾಗುತ್ತದೆ, ಮತ್ತೆ ಏಳುವುದಿಲ್ಲ.

ಆ ತಂತ್ರಜ್ಞರು ವಾರವಿಡೀ ಹೆಣಗಿ ಉತ್ತರ ಬರೆದರು: "ಕ್ಷಮಿಸಿ, ಈ ದೋಷ ನಮಗೆ ಕಾಣುತ್ತಿಲ್ಲ. ನಮ್ಮಲ್ಲಿ ಕರೆಂಟ್ ಹೋಗುವುದೇ ಇಲ್ಲ."

ಉಸ್ತಾದರು ಕನ್ನಡಕ ತೆಗೆದು ಮರುಕದಿಂದ ಹೇಳಿದರು: "ಪಾಪ! ಇಷ್ಟೂ ಸೌಲತ್ತಿಲ್ಲದ ಊರಾಗ ಕುಂತು ಟೆಸ್ಟಿಂಗ್ ಹ್ಯಾಂಗ ಮಾಡ್ತಾರ್ರಿ?"

ಭಂಗಾರದ ಕಂಪ್ಯೂಟರು

ಡಾಬಕಾದ ಸಾಲಿಯ ಕಂಪ್ಯೂಟರ್‌ಗಳು ದಾಖಲೆಯಲ್ಲಿ ಭಂಗಾರ, ಅಂದರೆ ಗುಜರಿ. ಅಕ್ಕೋರು ಮತ್ತು ಉಸ್ತಾದರು ಸೇರಿ ಅವಕ್ಕೆ ನಮ್ಮ ಲಿನಕ್ಸ್ ಹಾಕಿದ್ದರು. ಮಕ್ಕಳು ಅವುಗಳ ಮೇಲೆ ಕನ್ನಡವನ್ನೂ ಮರಾಠಿಯನ್ನೂ ಪಟಪಟ ಕುಟ್ಟುತ್ತಿದ್ದರು. ಒಂದು ದಿನ ತಪಾಸಣೆಗೆ ಸಾಹೇಬರೊಬ್ಬರು ಬಂದರು.

"ಇವು ಇನ್ನೂ ಇಲ್ಲೇ ಯಾಕ ಇಟ್ಟೀರಿ? ಇವೆಲ್ಲಾ ಭಂಗಾರ ಆಗ್ಯಾವ. ಇವತ್ತೇ ಹೊರಗ ಹಾಕಸ್ರಿ."

ನಮ್ಮ ಅಕ್ಕೋರು ದನಿ ಏರಿಸುವವರಲ್ಲ. ಏರಿಸದೆಯೇ ಹೇಳಿದರು: "ಹಾಕಸ್ತೇನಿ ಸರ್. ನೀವ್ ಹೇಳಿದ ಭೇಟಿ ವರದಿ ಅದರಾಗೇ ಟೈಪ್ ಆಗ್ಲಾಕತ್ತದ. ಈಗೇ ತಂತಿ ಕೀಳ್ಲೇನ್ರಿ?"

ಸಾಹೇಬರು ಗಡಿಯಾರ ನೋಡಿಕೊಂಡರು. ಕೊನೆಯ ಬಸ್ಸಿಗೆ ಹೊತ್ತಾಗುತ್ತ ಬಂದಿತ್ತು.

"ಬ್ಯಾಡ ಬ್ಯಾಡ. ಇವೆಲ್ಲಾ ಕೆಟ್ಟಾವ ಅಂತ ಬರದದ್ದು ಮೊದಲ ಪ್ರಿಂಟ್ ತೆಗೀರಿ."

ಸಿಟ್ಟಿನ ಮೌನ

ಇನ್ನು ಹೇಳುವುದು ನಗುವ ಮಾತಲ್ಲ, ಆದರೂ ನಗು ಬರುತ್ತದೆ. ಒಂದು ದಿನ ತಂಡದ ಅಧ್ಯಕ್ಷರಿಂದ ಎಲ್ಲ ಕಾರ್ಯಕರ್ತರಿಗೂ ಸೂಚನೆ ಬಂತು: ಹಳೆಯ ಕಂಪ್ಯೂಟರ್‌ಗಳ ಆವೃತ್ತಿಯನ್ನು ನಿಲ್ಲಿಸಬೇಕೆಂದಿದ್ದೇವೆ, ಒಂದು ವಾರದಲ್ಲಿ ಯಾರೂ ಬೇಡವೆನ್ನದಿದ್ದರೆ ಒಪ್ಪಿಗೆಯೆಂದು ತಿಳಿಯುತ್ತೇವೆ. ಅದು ನಿಂತರೆ ಡಾಬಕಾದ ಮಕ್ಕಳ ಕಂಪ್ಯೂಟರ್‌ಗಳು ನಿಜವಾಗಿಯೂ ಭಂಗಾರದ ಗಾಡಿ ಹತ್ತುತ್ತವೆ. ಅದೇ ಆವೃತ್ತಿಯ ಮೇಲೆ ನಡೆಯುವ ಭಾಲ್ಕಿಯ ಕಾಂಟಾ ಕಣ್ಣು ಮುಚ್ಚುತ್ತದೆ. ನನಗೆ ಮೈಯೆಲ್ಲ ಉರಿಯಿತು.

ಆದರೂ ನಾನು ಬರೆಯಲಿಲ್ಲ. ಸಂಯೋಜಕಿಯ ಮಾತಿಗಿಂತ ದಿನಾ ಬಳಸುವವರ ಮಾತಿಗೆ ತೂಕ ಹೆಚ್ಚೆಂದು, "ನೀವೇ ಬರೀರಿ" ಎಂದು ಮೂವರಿಗೂ ಹೇಳಿದ್ದೆ. ವಾರ ಮುಗಿಯುವ ದಿನ ಜನವಾಡದಲ್ಲಿ ಸಂಬಂಧಿಕರ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಸ್ಸಿಗೆ ಕಾಯುತ್ತ ಫೋನ್ ತೆರೆದು ನೋಡಿದರೆ ನಮ್ಮವರಿಂದ ಒಂದು ಸಾಲೂ ಇಲ್ಲ. ಅಕ್ಕೋರಿಗೆ ಫೋನ್ ಹಚ್ಚಿದೆ.

"ಯಾಕ್ರಿ ಅಕ್ಕೋರೆ, ಬ್ಯಾಡ ಅಂತ ಬರೀಲಿಲ್ಲ?"

"ಬರಿಯೂದ್ ಏನದ್ರಿ ಮೇಡಂ? ಮೂರೂ ಮಂದಿ ಕೂಡಿ ಮಾತಾಡ್ಕೊಂಡೇವಿ. ಸಿಟ್ಟು ಎಂಥಾದ್ದು ಬಂದದಂದ್ರ, ಅವರ ಮುಂದ ಒಬ್ಬರೂ ತುಟಿ ಬಿಚ್ಚಿಲ್ಲ!"

"ಅಯ್ಯೋ, ಸುಮ್ಮ ಕುಂತ್ರ ಒಪ್ಪಿಗಿ ಅಂತ ತಿಳೀತಾರ್ರಿ ಅವರು!"

"ಎಲ್ಲಿ ಮಂದಿರಿ ಅವರು?" ಅಕ್ಕೋರಿಗೆ ನಿಜವಾಗಿಯೂ ಆಶ್ಚರ್ಯ. "ಹೆಣ್ಣು ಕೇಳ್ಲಾಕ ಹೋಗಿರ್ತೀವಿ. ಅವರು ಚಾ ಕೊಟ್ಟು, ಮಳಿ ಬೆಳಿ ಕೇಳಿ, ಹೆಣ್ಣಿನ ಮಾತೇ ತೆಗೀಲಿಲ್ಲ ಅಂದ್ರ ಎದ್ದು ಬರ್ತೀವಿಲ್ಲೋ? ಇಲ್ಲ ಅಂತ ಬಾಯಿಬಿಟ್ಟು ಹೇಳ್ತಾರೇನು?"

ಅಕ್ಕೋರ ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪೆಲ್ಲ ಅಂಥ ನಿಯಮ ಮಾಡಿದವರದ್ದು. ನಾನು ಬಸ್ಸಿನಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಬರೆದೆ: "ಬೀದರ್ ಜಿಲ್ಲೆ ಇಡೀ ವಾರ ಉಗ್ರವಾಗಿ ವಿರೋಧಿಸಿದೆ. ನಿಮಗೆ ಕೇಳಿಸದಿದ್ದರೆ ಅದು ನಮ್ಮ ತಪ್ಪಲ್ಲ."

ಕಾಂಟಾದ ಮೇಲೆ ಸಭೆ

ಅಧ್ಯಕ್ಷರು ಕೆಟ್ಟವರಲ್ಲ. ಆದರೆ ಅಷ್ಟು ಹಳೆಯ ಕಂಪ್ಯೂಟರನ್ನು ಇಂದಿಗೂ ಯಾರೋ ದುಡಿಸುತ್ತಾರೆ ಎಂದರೆ ಅವರಿಗೆ ನಂಬಿಕೆ ಬರಲೊಲ್ಲದು. "ಅದೇ ಕಂಪ್ಯೂಟರಿನಿಂದ ನಮ್ಮ ಸಭೆಗೆ ಬನ್ನಿ, ಆಮೇಲೆ ನಿರ್ಧರಿಸೋಣ" ಎಂದು ಷರತ್ತು ಹಾಕಿದರು. ಆಗಲಿ ಎಂದೆ.

ಸಭೆಯ ದಿನ ನಾನು ಭಾಲ್ಕಿಗೆ ಹೋಗಿ ಕಾಂಟಾ ಮಾಲಕರ ಸಣ್ಣ ಕೋಣೆಯಲ್ಲಿ ಕೂತೆ. ಮೂಲೆಯಲ್ಲಿ ಧೂಳು ಮೆತ್ತಿದ ಹಳೇ ಕಂಪ್ಯೂಟರು, ಎದುರು ಕಿಟಕಿ, ಕಿಟಕಿಯಾಚೆ ಕಾಂಟಾ. ಮುಖ ತೋರಿಸುವಷ್ಟು ತ್ರಾಣ ಆ ಕಂಪ್ಯೂಟರಿಗಿಲ್ಲ, ದನಿ ಮಾತ್ರ ಹೋಗುತ್ತಿತ್ತು, ಬರುತ್ತಿತ್ತು. ಬೇರೆ ಬೇರೆ ದೇಶದವರು ಒಬ್ಬೊಬ್ಬರಾಗಿ ನಮಸ್ಕಾರ ಹೇಳಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಕಾಲ ಮುಗಿದ ಯಂತ್ರಗಳನ್ನು ಗೌರವದಿಂದ ಬೀಳ್ಕೊಡುವುದು ಹೇಗೆ ಎಂದು ಶುರು ಮಾಡಿದರು.

ಅಷ್ಟರಲ್ಲಿ ಸೋಯಾ ಹೇರಿದ ಟ್ರ್ಯಾಕ್ಟರ್ ಗುಡುಗುತ್ತ ಬಂದು ಕಾಂಟಾ ಏರಿತು. ಮಾಲಕರು ಸಭೆಯನ್ನು ಪರದೆಯ ಕೆಳಕ್ಕೆ ಸರಿಸಿ ತೂಕದ ಲೆಕ್ಕ ತೆರೆದರು. ಕಿಟಕಿಯಿಂದ ಕೂಗಿದರು: "ಏ ಡ್ರೈವರ್, ಕೆಳಗಿಳಿಯೋ! ನಿನ್ನೂ ಸೋಯಾದಾಗ ಹಿಡೀಲೇನು?" ಪ್ರಿಂಟರ್ ಕಿರ್ರೆಂದು ಚೀಟಿ ಉಗುಳಿತು. ಹಿಂದಿನ ಗಾಡಿಗಳವರು ಹಾರ್ನ್ ಒತ್ತಿದರು. ಅಧ್ಯಕ್ಷರ ಭಾಷಣ ಅರ್ಧಕ್ಕೇ ನಿಂತಿತು.

"ಅಲ್ಲಿ ಏನಾಗುತ್ತಿದೆ?" ಎಂದರು.

"ನಿಮ್ಮ ಕಾಲ ಮುಗಿದ ಯಂತ್ರ ಕೆಲಸ ಮಾಡುತ್ತಿದೆ" ಎಂದೆ. ಹೇಳುವಾಗ ನನಗೆ ಎದೆ ಉಬ್ಬಿದ್ದು ನಿಜ.

ಅವರಲ್ಲೇ ಒಬ್ಬರಿಗೆ ಉತ್ಸಾಹ ಬಂತು. "ಅದನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತೀರಾ? ಸರಿಯಾಗಿ ಏಳುತ್ತದೆಯೋ ನೋಡೋಣ."

ನಾನು ಮಾಲಕರಿಗೆ ಕನ್ನಡದಲ್ಲಿ ಹೇಳಿದೆ. ಅವರು ಚೀಟಿ ಹರಿಯುತ್ತ, ತಲೆ ಎತ್ತದೆ ಉತ್ತರ ಕೊಟ್ಟರು.

"ಬಂದ್ ಆಗಲ್ರಿ ಮೇಡಂ. ಹಿಂದ ಗಾಡಿ ಸಾಲ್ ಹಚ್ಚಿ ನಿಂತಾವ. ಏನಾರ ಬಂದ್ ಮಾಡ್ಲೇಬೇಕಂದ್ರ ಅವರ ಮೀಟಿಂಗೇ ಬಂದ್ ಮಾಡ್ರಿ ಅಂತ ಹೇಳ್ರಿ."

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾಲ್ಕು ಹನಿ ತುಪ್ಪ ಸವರಿ ಇಂಗ್ಲಿಷಿಗೆ ತರುತ್ತಿದ್ದೆ. ಅವತ್ತು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆ ಕಡೆಯಿಂದ ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಅಧ್ಯಕ್ಷರು ನಗು ತಡೆದು, ಯಂತ್ರಕ್ಕೆ ಬಿಡುವಿಲ್ಲವಾದ್ದರಿಂದ ಅದನ್ನು ನಿಲ್ಲಿಸುವ ಪ್ರಸ್ತಾಪವನ್ನು ಹಿಂತೆಗೆದುಕೊಂಡಿದ್ದೇನೆ, ಆವೃತ್ತಿ ಮುಂದುವರಿಯುತ್ತದೆ ಎಂದು ಘೋಷಿಸಿದರು. ಸಭೆ ಮುಗಿಯಿತು. ನನ್ನ ಕಣ್ಣಲ್ಲಿ ನೀರು ಬಂತು, ಅದು ಸೋಯಾದ ಧೂಳಿಗೆ ಎಂದು ಮಾಲಕರಿಗೆ ಹೇಳಿದೆ.

ಚೀಟಿ ಒಯ್ಯಲು ಒಳಗೆ ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ಇಷ್ಟು ಹೊತ್ತೂ ಬಾಯಿ ತೆರೆದು ಕಂಪ್ಯೂಟರನ್ನೇ ನೋಡುತ್ತಿದ್ದ.

"ಯಾರ್ರಿ ಸಾವಕಾರ್ರೆ, ಇಂಗ್ಲೀಷಿನಾಗ ಮಾತಾಡ್ಲಾಕತ್ತಿದ್ರಲ್ಲ?"

"ದೂರದ ಮಂದಿ. ನಮ್ಮ ಮಷಿನ್ ಸತ್ತದ ಅಂತ ಯಾರೋ ಹೇಳ್ಯಾರ, ಪಾಪ, ಮಣ್ಣಿಗಿ ಬಂದಿದ್ರು," ಎಂದರು ಮಾಲಕರು, ಮುಂದಿನ ಗಾಡಿಗೆ ಕೈ ಮಾಡುತ್ತ. "ಬಂದು ನೋಡಿದ್ರ ಹೆಣಾನೇ ಎದ್ದು ಕುಂತು ಚೀಟಿ ಹರೀಲಾಕತ್ತಿತ್ತು. ನಾಚಿಕಿ ಆಗಿ ಚಾ ಸುದ್ದಾ ಕುಡೀದೇ ಹೋದ್ರು."