ವ್ಯಾಸಂಗದ ಉದ್ದೇಶವಿಲ್ಲದೆ

ಟಾಮರಾಕ್ ರಾಜ್ಯ ವಿಶ್ವವಿದ್ಯಾಲಯವು ಸಾರ್ವಜನಿಕ ಸಂಸ್ಥೆಯಾಗಿದ್ದು, ಅದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ರಾಜ್ಯದೊಳಗಿನವರಿಗೆ ಈ ಬಾಗಿಲು ವರ್ಷಕ್ಕೆ ಹನ್ನೊಂದು ಸಾವಿರ ಡಾಲರಿಗೆ ತೆರೆದರೆ, ಹೊರಗಿನವರಿಗೆ ಮೂವತ್ತೊಂಬತ್ತು ಸಾವಿರಕ್ಕೆ ತೆರೆಯುತ್ತದೆ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ತೀರ್ಮಾನಿಸಲು ನಿವಾಸ ನಿರ್ಣಯ ವಿಭಾಗವೆಂಬ ಕಚೇರಿಯಿದೆ. ಅದರ ಎರಡನೇ ಕಿಟಕಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಮೊದಲನೇ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ಅದು ವಿಚಾರಣೆಗಾಗಿ ಇರುವುದು.

ಸ್ಟೇವ್ಲಿ ಕುಟುಂಬದ ಮೂವರು ನನ್ನ ಕಿಟಕಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಸೋಮವಾರ. ಅಪ್ಪ ಆರ್ಲೋ, ಶಾಲಾ ಬಸ್ಸುಗಳ ಮೆಕ್ಯಾನಿಕ್. ಅಮ್ಮ ಜಾನೀನ್, ಹಲ್ಲಿನ ಡಾಕ್ಟರ ಬಳಿ ಸ್ವಾಗತದ ಮೇಜಿನಲ್ಲಿ ಕೂರುವವರು. ಮಗಳು ಟೆಸ್ಸಾ. ಅವರ ಮನೆ ಇದ್ದದ್ದು ನದಿಯಾಚೆಯ ಡನ್‌ಮೋರ್ ಊರಿನಲ್ಲಿ. ನಮ್ಮಲ್ಲಿ ನದಿಯೇ ರಾಜ್ಯದ ಗಡಿ. ಗಾಳಿ ಈಚೆಯಿಂದ ಬೀಸಿದರೆ ನಮ್ಮ ವಿಶ್ವವಿದ್ಯಾಲಯದ ಬ್ಯಾಂಡಿನವರ ಅಭ್ಯಾಸ ಅವರ ಅಡಿಗೆಮನೆಗೆ ಕೇಳಿಸುತ್ತಿತ್ತು. ಟೆಸ್ಸಾ ಏಳನೇ ವಯಸ್ಸಿನಿಂದ ಆ ನದಿಯಲ್ಲಿ ಮೊಣಕಾಲಿನವರೆಗೆ ಇಳಿದು ಕಪ್ಪೆಚಿಪ್ಪು ಹುಡುಕುತ್ತಾ ಬೆಳೆದವಳು. ಹೊಳೆಯ ಕಪ್ಪೆಚಿಪ್ಪುಗಳ ಬಗ್ಗೆ ಕಲಿಸುವ ವಿಭಾಗ ನಮ್ಮಲ್ಲಿದೆ. ಅವರದೇ ರಾಜ್ಯದ ವಿಶ್ವವಿದ್ಯಾಲಯ ಐದು ಗಂಟೆಯ ಹಾದಿ. ಅಲ್ಲಿ ಮುಖ್ಯವಾಗಿ ಮೆಕ್ಕೆಜೋಳದ ಬಗ್ಗೆ ಕಲಿಸುತ್ತಾರೆ.

"ನಮ್ಮನೆಯಿಂದ ಇಲ್ಲಿಗೆ ಎರಡು ಮೈಲಿ ಸರ್," ಎಂದರು ಆರ್ಲೋ. "ಈ ರಾಜ್ಯದ ಆ ತುದಿಯಿಂದ ಬರೋ ಹುಡುಗನಿಗೆ ನಾನೂರು ಮೈಲಿ. ಅವನು ಒಳಗಿನವನು, ನನ್ನ ಮಗಳು ಹೊರಗಿನವಳು. ಇದ್ಯಾವ ಲೆಕ್ಕ?"

"ಇದು ಲೆಕ್ಕ ಅಲ್ಲ, ಭೂಗೋಳ," ಎಂದೆ.

ಜಾನೀನ್ ವಿಮೆ ಕಂಪನಿಗಳೊಡನೆ ಜಗಳವಾಡಿ ಪಳಗಿದವರು. ತೊಂಬತ್ತೆರಡು ಪುಟದ ನಿಯಮಾವಳಿಯನ್ನು ನಿಂತಲ್ಲೇ ತಿರುವಿ ಏಳನೇ ನಿಯಮದ ಮೇಲೆ ಬೆರಳಿಟ್ಟರು. ವಿದ್ಯಾರ್ಥಿಯ ತಂದೆ ಅಥವಾ ತಾಯಿ ಸತತ ಹನ್ನೆರಡು ತಿಂಗಳು ಈ ರಾಜ್ಯದಲ್ಲಿ ವಾಸವಿದ್ದಲ್ಲಿ ವಿದ್ಯಾರ್ಥಿಯನ್ನು ಒಳಗಿನವರೆಂದು ಪರಿಗಣಿಸತಕ್ಕದ್ದು.

"ಅಷ್ಟೇನಾ?" ಎಂದು ಕೇಳಿದರು.

ಮುಂದಿನ ಉಪನಿಯಮವನ್ನೂ ಓದಿ ಹೇಳುವುದು ನನ್ನ ಕರ್ತವ್ಯವಾಗಿತ್ತು: "ಆದರೆ ಸದರಿ ವಾಸವು ವ್ಯಾಸಂಗದ ಉದ್ದೇಶದಿಂದ ಕೂಡಿದ್ದಲ್ಲಿ ಅದನ್ನು ವಾಸವೇ ಅಲ್ಲವೆಂದು ಭಾವಿಸತಕ್ಕದ್ದು."

"ಹಾಗಂದ್ರೆ?"

"ನೀವು ಬಂದು ಇರಬಹುದು. ಯಾಕೆ ಬಂದ್ರಿ ಅಂತ ಕೇಳಿದ್ರೆ ವಿಶ್ವವಿದ್ಯಾಲಯಕ್ಕೆ ಅನ್ನಬಾರದು."

"ಮತ್ತೆ ಯಾತಕ್ಕೆ ಅನ್ಬೇಕು?"

"ಅದು ನಿಮ್ಮ ಸ್ವಾತಂತ್ರ್ಯ ಮೇಡಂ. ಅದರಲ್ಲಿ ಕಚೇರಿ ತಲೆಹಾಕೋದಿಲ್ಲ."

ಅವತ್ತು ಅವರ ಅಡಿಗೆಮನೆಯಲ್ಲಿ ನಡೆದ ಮಾತನ್ನು ಟೆಸ್ಸಾ ನನಗೆ ಬಹಳ ದಿನದ ಮೇಲೆ ಹೇಳಿದಳು. ಸಾಲ ಮಾಡುವುದೆಂದರೆ ಮನೆಯನ್ನೇ ಒತ್ತೆ ಇಡಬೇಕಿತ್ತು.

"ಬೇಡ ಅಪ್ಪ, ನಾನು ಜೋಳಾನೇ ಓದ್ತೀನಿ," ಎಂದಳಂತೆ.

"ನೀನು ಜೋಳ ತಿನ್ನೋಕೇ ಮೂತಿ ತಿರುಗಿಸ್ತೀಯ, ನಾಲ್ಕು ವರ್ಷ ಓದ್ತೀಯಾ?" ಎಂದರಂತೆ ಆರ್ಲೋ.

"ಆ ದಡದಲ್ಲಿ ಇದ್ದು ಬಾ ಆರ್ಲೋ," ಎಂದು ಜಾನೀನ್ ಮಾತು ಮುಗಿಸಿದರು. "ಒಂದು ವರ್ಷ ನಿನ್ನ ಗೊರಕೆಯಿಂದ ನನಗೂ ಬಿಡುಗಡೆ."

ಟೆಸ್ಸಾಳ ಪ್ರವೇಶವನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದರು. ಆಕೆ ಡನ್‌ಮೋರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ಡಬ್ಬ ಮಾರುವ ಕೆಲಸಕ್ಕೆ ಸೇರಿದಳು. ಆರ್ಲೋ ಹಳೆಯದೊಂದು ಗಾಡಿಮನೆಯನ್ನು ಟ್ರಕ್ಕಿಗೆ ಕಟ್ಟಿ ಸೇತುವೆ ದಾಟಿಸಿ, ನಮ್ಮ ದಡದಲ್ಲಿ ಗಾಡಿಮನೆಗಳು ತಂಗುವ ಬಿಡಾರದ ಮೈದಾನದಲ್ಲಿ ನಿಲ್ಲಿಸಿದರು. ನಮ್ಮೂರ ಬಸ್ ಡಿಪೋದಲ್ಲಿ ಕಡಿಮೆ ಸಂಬಳಕ್ಕೆ ಸೇರಿದರು. ವಾಹನ ಚಾಲನೆಯ ಪರವಾನಗಿ, ಮತದಾರರ ಪಟ್ಟಿ, ಗ್ರಂಥಾಲಯದ ಚೀಟಿ, ಎಲ್ಲವನ್ನೂ ಬದಲಾಯಿಸಿಕೊಂಡರು.

ಆರ್ಲೋ ಮನೆಗೆ ಹೋದರೆ ಅದು "ಹಿಂದಿರುಗುವಿಕೆ" ಎನಿಸಿಕೊಳ್ಳುವ ಅಪಾಯವಿತ್ತು. ಜಾನೀನ್ ಗಾಡಿಮನೆಗೆ ಬಂದರೆ ಅದು "ಭೇಟಿ" ಎನಿಸಿ, ಕುಟುಂಬದ ನಿಜವಾದ ಮನೆ ಬೇರೆಡೆ ಇದೆ ಎಂದು ತೋರಿಸಿಕೊಡುತ್ತಿತ್ತು. ಆದ್ದರಿಂದ ಪ್ರತಿ ಭಾನುವಾರ ಮೂವರೂ ಸೇತುವೆಯ ನಡುವೆ, ಗಡಿ ತೋರಿಸುವ ಉಕ್ಕಿನ ಪಟ್ಟಿಯ ಹತ್ತಿರ ಸೇರುತ್ತಿದ್ದರು. ಜಾನೀನ್ ಆಚೆ ನಿಂತು ಟ್ಯೂನಾ ಮೀನು ಹಾಕಿ ಬೇಯಿಸಿದ ನೂಡಲ್ಸ್ ಬಡಿಸುತ್ತಿದ್ದರು. ಆರ್ಲೋ ಈಚೆ ನಿಂತು ತಿನ್ನುತ್ತಿದ್ದರು. ಟೆಸ್ಸಾಳ ಸ್ಥಾನಮಾನ ಇನ್ನೂ ತೀರ್ಮಾನವಾಗಿರಲಿಲ್ಲವಾದ್ದರಿಂದ ಆಕೆ ಪಟ್ಟಿಯ ಮೇಲೆಯೇ ಕೂರುತ್ತಿದ್ದಳು.

ಬಿಡಾರದ ಮೈದಾನದಲ್ಲಿ ಇನ್ನೂ ಹನ್ನೊಂದು ಜನ ಅಪ್ಪಂದಿರಿದ್ದರು. ಒಬ್ಬರು ಮಂಡಿನೋವಿಗೆ ಇಲ್ಲಿಯ ಹವೆ ಒಳ್ಳೆಯದೆಂದು ಬಂದವರು. ಮತ್ತೊಬ್ಬರಿಗೆ ನಮ್ಮ ರಾಜ್ಯದ ಧ್ವಜದ ಬಣ್ಣ ಇಷ್ಟವಾಗಿತ್ತು. ಯಾರೂ ಯಾರ ಮಕ್ಕಳನ್ನೂ ವಿಚಾರಿಸುತ್ತಿರಲಿಲ್ಲ. ಅಷ್ಟು ಸಭ್ಯರಾದ ನೆರೆಹೊರೆಯವರನ್ನು ನಾನು ನೋಡಿಲ್ಲ.

ನವೆಂಬರಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಶ್ರೀಮತಿ ಹಾಲ್ವರ್ಸನ್ ಸ್ಥಳ ಪರಿಶೀಲನೆಗೆ ಹೊರಟರು. ಕಡತ ಹೊತ್ತು ನಾನೂ ಹೋದೆ. ಮೂರನೇ ಗಾಡಿಮನೆಯ ಮೊಳೆಯಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದ ಟೋಪಿ ನೇತಾಡುತ್ತಿತ್ತು.

"ಬಿಸಿಲಿಗೆ ಹಾಕ್ಕೊಳ್ಳೋದು ಮೇಡಂ," ಎಂದರು ಆ ತಂದೆ.

"ಬಿಸಿಲಿಗೆ ಅಕ್ಷರವಿಲ್ಲದ ಟೋಪಿ ಸಾಕಾಗುತ್ತೆ," ಎಂದು ಶ್ರೀಮತಿ ಹಾಲ್ವರ್ಸನ್ ಅರ್ಜಿಯನ್ನು ಅಲ್ಲೇ ವಜಾ ಮಾಡಿದರು. ಆತನ ಮಗ ಕೊನೆಗೆ ಜೋಳ ಓದಿದ.

ಮುಂದಿನದು ಆರ್ಲೋ ಅವರ ಗಾಡಿಮನೆ.

"ನೀವು ಇಲ್ಲಿಗೆ ಬಂದ ಉದ್ದೇಶ?"

"ಮೀನು ಮೇಡಂ."

"ಗಾಳ ಕಾಣ್ತಿಲ್ಲವಲ್ಲ?"

"ಹಿಡಿಯೋಕಲ್ಲ, ನೋಡೋಕೆ."

ಶ್ರೀಮತಿ ಹಾಲ್ವರ್ಸನ್ ಕಿಟಕಿಯಾಚೆ ಕೈ ತೋರಿಸಿದರು. "ಆ ಕಟ್ಟಡಗಳು ಏನು, ಗೊತ್ತಾ?"

ಆರ್ಲೋ ಕಣ್ಣು ಕಿರಿದು ಮಾಡಿ ನೋಡಿದರು. "ಯಾವುದೋ ಕಾರ್ಖಾನೆ ಇರ್ಬೇಕು. ಸೋಮವಾರದಿಂದ ಶುಕ್ರವಾರದ ತನಕ ಜನ ಹೋಗಿ ಬರ್ತಾರೆ. ಏನು ತಯಾರಾಗುತ್ತೋ ಕಾಣೆ."

"ತೃಪ್ತಿಕರ" ಎಂದು ಬರೆದುಕೊಳ್ಳುವಂತೆ ನನಗೆ ಸೂಚನೆಯಾಯಿತು.

ಹನ್ನೆರಡು ತಿಂಗಳು ತುಂಬಿದ ಮೇಲೆ ಮೂರು ಜನರ ಸಮಿತಿಯ ಮುಂದೆ ಅಂತಿಮ ವಿಚಾರಣೆ. ಅಧ್ಯಕ್ಷರು ಟೆಸ್ಸಾ ಪ್ರವೇಶಕ್ಕಾಗಿ ಬರೆದಿದ್ದ ಪ್ರಬಂಧವನ್ನು ಹೊರತೆಗೆದು ಗಟ್ಟಿಯಾಗಿ ಓದಿದರು: "ನನಗೆ ಏಳು ವರ್ಷವಿದ್ದಾಗ ಅಪ್ಪ ನದಿಯಲ್ಲಿ ನನ್ನ ಕೈ ಹಿಡಿದು ನಿಂತು, ಒಂದು ದಿನ ನೀನು ಆ ದಡದಲ್ಲಿ ಓದ್ತೀಯ ಅಂದಿದ್ದರು. ಅವತ್ತಿನಿಂದ ನನಗೆ ಬೇರೆ ಆಸೆ ಇಲ್ಲ."

ಇದಕ್ಕಿಂತ ಗಂಭೀರವಾದ ಸಾಕ್ಷ್ಯ ನಮ್ಮ ವಿಭಾಗದ ಮುಂದೆ ಬಂದಿರಲಿಲ್ಲ.

"ಹೀಗೆ ಹೇಳಿದ್ದು ನಿಜವೇ?" ಎಂದು ಅಧ್ಯಕ್ಷರು ಕೇಳಿದರು.

"ಹೇಳಿರಬಹುದು ಸರ್," ಎಂದರು ಆರ್ಲೋ. "ಮಕ್ಕಳನ್ನ ನೀರಿಂದ ಆಚೆ ಕರೆಸೋಕೆ ಏನಾದ್ರೂ ಒಂದು ಹೇಳ್ಬೇಕಲ್ಲ."

"ನಿಮ್ಮ ಮಗಳು ಇಲ್ಲಿ ಓದಬೇಕೆಂಬ ಇಚ್ಛೆ ಈಗ ನಿಮಗಿದೆಯೇ?"

ಜಾನೀನ್ ಕೈಚೀಲದ ಜಿಪ್ ಎಳೆದರು, ಮುಚ್ಚಿದರು. ಟೆಸ್ಸಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆರ್ಲೋ ಗೋಡೆಯ ಮೇಲಿನ ಬೆಂಕಿ ಆರಿಸುವ ಸೂಚನೆಗಳನ್ನು ಒಂದರಿಂದ ಕೊನೆಯವರೆಗೆ ಓದಿದರು.

"ಇಲ್ಲ."

"ಸ್ವಲ್ಪವೂ?"

"ಓದಿದ್ರೆಷ್ಟು, ಬಿಟ್ರೆಷ್ಟು. ನನಗೆ ಮೀನು ಮುಖ್ಯ."

ಟೆಸ್ಸಾ ಅತ್ತಳು. ಇದೆಲ್ಲ ಹೀಗೇ ಹೇಳಬೇಕಾದದ್ದೆಂದು ಅವಳಿಗೆ ಗೊತ್ತಿತ್ತು; ಆದರೂ ಅತ್ತಳು. "ವಿದ್ಯಾರ್ಥಿನಿಯು ಭಾವುಕಳಾದಳು" ಎಂದು ನಾನು ದಾಖಲಿಸಿದೆ. ಸಮಿತಿಯವರೆಲ್ಲ ಆರ್ಲೋ ಅವರ ಕೈಯನ್ನು ಗಮನಿಸುತ್ತಿದ್ದರು. ಅದು ಮಗಳ ಹೆಗಲ ಕಡೆಗೆ ಹೋಗಲಿಲ್ಲ, ಕುರ್ಚಿಯ ತೋಳನ್ನು ಹಿಡಿದುಕೊಂಡೇ ಇತ್ತು. ತಂದೆಯ ಔದಾಸೀನ್ಯವು ಸಂಶಯಾತೀತವಾಗಿ ರುಜುವಾತಾಗಿದೆ ಎಂದು ಸಮಿತಿ ಸರ್ವಾನುಮತದಿಂದ ಘೋಷಿಸಿತು.

ಶ್ರೀಮತಿ ಹಾಲ್ವರ್ಸನ್ ಗಾಜಿನ ಬಾಗಿಲಿನಿಂದ ನೋಡುತ್ತಿದ್ದುದರಿಂದ ಸ್ಟೇವ್ಲಿ ಕುಟುಂಬದ ಮೂವರೂ ಹೊರಬಂದು ಹತ್ತು ಹತ್ತು ಅಡಿ ಅಂತರದಲ್ಲಿ, ಪರಿಚಯವಿಲ್ಲದವರಂತೆ ನಡೆದುಹೋದರು. ನನ್ನ ಮನೆಯ ದಾರಿಯೂ ಅದೇ. ಸೇತುವೆಯ ನಡುವೆ ತಲುಪಿದ ಮೇಲೆ ಆರ್ಲೋ ಮಗಳನ್ನು ಅಪ್ಪಿಕೊಂಡು, ಕಪ್ಪು ಗ್ರೀಸು ಅಂಟಿದ ಕೈಯಿಂದ ಅವಳ ಮುಖ ಒರೆಸಿ, ಇನ್ನಷ್ಟು ಕೊಳೆ ಮಾಡಿದರು. "ಕ್ಷಮಿಸು ಮರಿ, ಕ್ಷಮಿಸು," ಎನ್ನುತ್ತಿದ್ದುದು ನನಗೂ ಕೇಳಿಸಿತು. ಯಾವ ರಾಜ್ಯದಲ್ಲಿ ಅಪ್ಪಿಕೊಂಡರೆಂದು ನಾನು ದಾಖಲಿಸಿಲ್ಲ.

ಮಂಜೂರಾತಿ ಪತ್ರದಲ್ಲಿ ಒಂದೇ ಒಂದು ಷರತ್ತಿತ್ತು. ವ್ಯಾಸಂಗದ ಉದ್ದೇಶವಿಲ್ಲದ ಕುಟುಂಬದ ವಿದ್ಯಾರ್ಥಿಯು ವ್ಯಾಸಂಗದಲ್ಲಿ ಅನುಮಾನಾಸ್ಪದ ಆಸಕ್ತಿ ತೋರತಕ್ಕದ್ದಲ್ಲ. 'ಬಿ' ಶ್ರೇಣಿಗಿಂತ ಮೇಲಿನ ಫಲಿತಾಂಶವನ್ನು ಉದ್ದೇಶದ ಪುರಾವೆಯೆಂದು ಭಾವಿಸಿ, ಶುಲ್ಕದ ವ್ಯತ್ಯಾಸವನ್ನು ವಸೂಲು ಮಾಡಲಾಗುವುದು. ಟೆಸ್ಸಾ ಇದನ್ನು ಸಮಾಧಾನದಿಂದ ಒಪ್ಪಿಕೊಂಡಳು. ಪ್ರತಿ ಪರೀಕ್ಷೆಯಲ್ಲೂ ಐದನೇ ಪ್ರಶ್ನೆಗೆ ಸರಿಯುತ್ತರ ಬರೆದು, ಆಮೇಲೆ ಅಂದವಾಗಿ ಹೊಡೆದುಹಾಕಿ, ತಪ್ಪುತ್ತರ ಬರೆಯುವುದನ್ನು ರೂಢಿ ಮಾಡಿಕೊಂಡಳು.

ಮೂರನೇ ವರ್ಷ ಒಂದು ಲೋಪವಾಯಿತು. ಪ್ರೊಫೆಸರ್ ಐಡೆಲ್ ವೋಸ್ ಆಕೆಗೆ 'ಎ' ಕೊಟ್ಟುಬಿಟ್ಟರು. ಟೆಸ್ಸಾ ನನ್ನ ಕಿಟಕಿಗೆ ಓಡಿ ಬಂದಳು.

"ಸರ್, ನಾನು ಬೇಕೂಂತ ಮಾಡಿಲ್ಲ! ಅಪ್ಪ ಈಗಲೂ ಆ ಗಾಡಿಮನೆಯಲ್ಲೇ ಇದ್ದಾರೆ. ಇನ್ನೊಂದು ವಿಚಾರಣೆ ಅಂದ್ರೆ ಅವರ ಕೈಲಾಗಲ್ಲ."

ಪ್ರೊಫೆಸರನ್ನು ಕರೆಸಲಾಯಿತು. ಒಳ್ಳೆಯ ಹೆಂಗಸು, ಲಿಖಿತ ವಿವರಣೆ ಸಲ್ಲಿಸಿದರು: "ಸದರಿ ಅಂಕವು ನನ್ನ ಅಚಾತುರ್ಯದಿಂದ ಸಂಭವಿಸಿದೆ. ವಿದ್ಯಾರ್ಥಿನಿಯು ನದಿಯಲ್ಲಿ ಇದುವರೆಗೆ ಯಾರಿಗೂ ಗೊತ್ತಿರದ ಕಪ್ಪೆಚಿಪ್ಪಿನ ಜಾತಿಯೊಂದನ್ನು ಪತ್ತೆಹಚ್ಚಿದ್ದು ಆಸಕ್ತಿಯಿಂದಲ್ಲ. ಅದು ಕಾಲಿಗೆ ತಾಕಿತು." ಅಂಕ ಇಳಿಸಿ, ಕಡತ ಮುಕ್ತಾಯಗೊಳಿಸಲಾಯಿತು.

ಆ ಕಪ್ಪೆಚಿಪ್ಪು ಸಿಕ್ಕಿದ್ದು ನಟ್ಟನಡುವಿನ ನೀರಿನಲ್ಲಿ. ಅದು ಯಾವ ರಾಜ್ಯದ್ದೆಂಬ ಪ್ರಶ್ನೆಯೂ ನನ್ನ ಕಿಟಕಿಗೇ ಬಂತು. ಹನ್ನೆರಡು ತಿಂಗಳು ಅದು ಜಾಗ ಬಿಟ್ಟು ಕದಲಿರಲಿಲ್ಲ. ವ್ಯಾಸಂಗದ ಉದ್ದೇಶವೂ ಕಂಡುಬರಲಿಲ್ಲ. ಒಂದೇ ದಿನದಲ್ಲಿ ಮಂಜೂರಾಯಿತು.

ಕಳೆದ ಮೇ ತಿಂಗಳಲ್ಲಿ ಪದವಿ ಪ್ರದಾನ ನಡೆಯಿತು. "ವ್ಯಾಸಂಗದ ಉದ್ದೇಶವಿಲ್ಲದೆ ಪದವಿ ಪಡೆದವರು ದಯವಿಟ್ಟು ಎದ್ದು ನಿಲ್ಲಬೇಕು," ಎಂದು ವೇದಿಕೆಯಿಂದ ಕರೆ ಬಂತು. ನಾನೂರು ಮಕ್ಕಳು ಎದ್ದರು. ಅವರಲ್ಲಿ ಟೆಸ್ಸಾ ಸ್ಟೇವ್ಲಿಯೂ ಇದ್ದಳು, ಉದ್ದನೆಯ ನಿಲುವಂಗಿಯಲ್ಲಿ, ನಗು ತಡೆಯಲು ಕೆಳತುಟಿ ಕಚ್ಚಿಕೊಂಡು. ಹಿಂದಿನ ಸಾಲುಗಳಲ್ಲಿ ಅವರ ಅಪ್ಪ ಅಮ್ಮಂದಿರು ಚಾವಣಿ ನೋಡುತ್ತಾ, ಆಕಳಿಸುತ್ತಾ, ಉಗುರು ಕತ್ತರಿಸಿಕೊಳ್ಳುತ್ತಾ ಕೂತಿದ್ದರು. ಆರ್ಲೋ ಮೀನಿನ ಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಅವರ ಕಣ್ಣುಗಳು ತೇವವಾಗಿದ್ದವು. ಸಭಾಂಗಣದಲ್ಲಿ ಧೂಳು ಹೆಚ್ಚು.

ಆಗ ಎಲ್ಲೋ ಒಬ್ಬ ತಂದೆ ಎದ್ದು ನಿಂತು ಜೋರಾಗಿ ಚಪ್ಪಾಳೆ ಹೊಡೆದೇಬಿಟ್ಟರು.

"ಏನ್ರೀ ಇದು, ಕೂತ್ಕೊಳ್ಳಿ!" ಎಂದು ಅಕ್ಕಪಕ್ಕದವರು ಅವರ ಕೋಟು ಹಿಡಿದು ಎಳೆದರು.

"ಪಾಪ, ಮೊದಲನೇ ಮಗು ಅಂತ ಕಾಣುತ್ತೆ," ಎಂದರು ಜಾನೀನ್.

ವಿಚಾರಿಸಿದಾಗ ಚಪ್ಪಾಳೆ ಹೊಡೆದವರ ಎರಡನೇ ಮಗಳ ಅರ್ಜಿ ನಮ್ಮಲ್ಲಿ ಬಾಕಿಯಿರುವುದು ತಿಳಿಯಿತು. ನಾನು ಹೆಸರು ಕೇಳಿದೆ. ಅವರು ಕಾಗುಣಿತ ಸಮೇತ ಬರೆಸಿ, ತಪ್ಪು ತಮ್ಮದೇ ಎಂದು ಒಪ್ಪಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.