ಕ್ಲಿಪ್ ಡಾಕ್ಟರ ಸಮಾಧಾನದ ಸಂದೇಶ

ಹಲ್ಲಿಗೆ ಕ್ಲಿಪ್ ಹಾಕುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂಬುದು ಕ್ಲಿಪ್ ಡಾಕ್ಟರ ಖಚಿತ ಅಭಿಪ್ರಾಯ. ಅದು ನಿಜವೂ ಹೌದು. ಎಂಥ ಅಡ್ಡಾದಿಡ್ಡಿ ಹಲ್ಲುಗಳೂ ಅವರ ಕೈಗೆ ಸಿಕ್ಕರೆ ಕವಾಯತಿಗೆ ನಿಂತ ಪೊಲೀಸರಂತೆ ಸಾಲಾಗುತ್ತಿದ್ದವು. ಕೊರತೆ ಒಂದೇ. ಕ್ಲಿಪ್ ಹಾಕಿಸಿಕೊಂಡವರು ಮೊದಲ ನಾಲ್ಕು ದಿನ ನೋವು, ಭಯ ಎಂದು ಒದ್ದಾಡುತ್ತಿದ್ದರು. ಒಂದು ಬೆಳಿಗ್ಗೆ ಡಾಕ್ಟರು ಅದಕ್ಕೂ ಮದ್ದು ಕಂಡುಹಿಡಿದರು!

"ನೋಡೇ, ಇನ್ಮೇಲೆ ನನ್ನ ಪೇಶೆಂಟ್ ಒಬ್ಬರೂ ನರಳೋ ಹಾಗಿಲ್ಲ. ಮನೇಲಿ ಕೂತಿರೋರಿಗೆ ಫೋನಲ್ಲೇ ಧೈರ್ಯ ತುಂಬ್ತೀನಿ. ನನ್ನ ದನಿ ಕೇಳಿದ್ರೆ ಸಾಕು, ನೋವು ಕಾಲಿಗೆ ಬುದ್ಧಿ ಹೇಳುತ್ತೆ!"

ಕ್ಲಿನಿಕ್ಕಿನ ಫೋನು, ಅಪಾಯಿಂಟ್‌ಮೆಂಟು ಎಲ್ಲ ನೋಡಿಕೊಳ್ಳುವ ಹೆಂಡತಿ ತಲೆ ಎತ್ತಲಿಲ್ಲ. "ಚಿಕ್ಕದಾಗಿ ಹೇಳ್ರೀ."

ಡಾಕ್ಟರು ಗಂಟಲು ಸರಿಮಾಡಿಕೊಂಡು, ಫೋನಿನಲ್ಲಿ ದನಿ ಮುದ್ರಿಸುತ್ತಾ ಹದಿಮೂರು ನಿಮಿಷ ಮಾತಾಡಿದರು. ವಿಷಯ ತಿಳಿದರೆ ಭಯ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾಗಿ ತಂತಿ ಎಳೆದಾಗ ಬೇರಿನ ಪಕ್ಕದ ಮೂಳೆ ಹೇಗೆ ಕರಗುತ್ತದೆ, ಹಲ್ಲು ಹೇಗೆ ಸಡಿಲವಾಗಿ ಜರುಗುತ್ತದೆ ಎಂಬುದನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿಟ್ಟರು. ಮೂಳೆ ಮತ್ತೆ ಕಟ್ಟಿಕೊಳ್ಳುವ ಭಾಗ ಹನ್ನೆರಡನೇ ನಿಮಿಷದಲ್ಲಿತ್ತು. ಅಲ್ಲಿಯವರೆಗೆ ಕೇಳುವ ಪುಣ್ಯಾತ್ಮರು ಯಾರು? ಗುಂಡಿ ಒತ್ತಿದರು. ಒಟ್ಟಿಗೆ ನಲವತ್ತಮೂರು ಜನಕ್ಕೆ ಹೋಯಿತು!

ಐದೇ ನಿಮಿಷದಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಮೂಳೆ ಕರಗ್ತಿದೆಯಂತೆ, ಹೌದಾ?" ಎಂದರು ಒಬ್ಬ ಬಸ್ ಡ್ರೈವರು. "ನನ್ನ ಹಲ್ಲು ಅಲ್ಲಾಡ್ತಿದೆ. ಈಗ್ಲೇ ಅಲ್ಲಾಡಿಸಿ ನೋಡ್ದೆ!" ಎಂದರು ಇನ್ನೊಬ್ಬರು. ನಿನ್ನೆಯವರೆಗೆ ನೋವೆಂದರೇನೆಂದೇ ತಿಳಿಯದ ದರ್ಜಿಗೂ ಈಗ ಕಿವಿಯವರೆಗೆ ಸೆಳೆತ ಶುರುವಾಗಿತ್ತು.

ಡಾಕ್ಟರು ಬಿಡುತ್ತಾರೆಯೇ? ಎರಡನೇ ಸಂದೇಶ ಕಳಿಸಿದರು: "ಯಾರೂ ಗಾಬರಿಯಾಗಬೇಡಿ. ಕ್ಲಿಪ್ಪಿನಿಂದಾಗಿ ನನ್ನ ಕೈಯಲ್ಲಿ ಇದುವರೆಗೆ ಒಬ್ಬರ ಪ್ರಾಣವೂ ಹೋಗಿಲ್ಲ!"

ಪ್ರಾಣದ ಮಾತು ಅಲ್ಲಿಯವರೆಗೆ ಯಾರ ತಲೆಗೂ ಬಂದಿರಲಿಲ್ಲ.

ಮಧ್ಯಾಹ್ನ ಟೀಚರಮ್ಮ ಫೋನ್ ಮಾಡಿದರು. "ನಾಲ್ಕು ಗಂಟೆಗೆ ಬರ್ತೀನಿ ಡಾಕ್ಟ್ರೇ. ಬಿಚ್ಚಿಬಿಡಿ. ನನ್ನಿಂದಾಗಲ್ಲ."

ಟೀಚರಮ್ಮ ಇಪ್ಪತ್ತು ವರ್ಷ ಮೀನಮೇಷ ಎಣಿಸಿ, ಐವತ್ತರ ಹೊಸ್ತಿಲಲ್ಲಿ ಧೈರ್ಯ ಮಾಡಿ ಮೊನ್ನೆಯಷ್ಟೇ ಕ್ಲಿಪ್ ಹಾಕಿಸಿಕೊಂಡಿದ್ದರು. ಶಾಲೆಯ ಒಂದು ಫೋಟೋದಲ್ಲೂ ಅವರು ನಕ್ಕಿದ್ದಿಲ್ಲ. ಇವತ್ತು ಬಿಚ್ಚಿದರೆ ಈ ಜನ್ಮದಲ್ಲಿ ಮತ್ತೆ ಹಾಕಿಸುವುದಿಲ್ಲ. ಡಾಕ್ಟರಿಗೆ ನಿಜಕ್ಕೂ ಸಂಕಟವಾಯಿತು.

"ಮೂರನೇ ಸಂದೇಶ ಒಂದು..." ಎಂದು ಶುರುಮಾಡಿದರು.

ಹೆಂಡತಿ ಫೋನು ಕಿತ್ತುಕೊಂಡಳು. "ನೀವು ಒಳಗೆ ಹೋಗಿ ಇಕ್ಕಳ ತೊಳೀರಿ!"

ಬಾಗಿಲು ಮುಚ್ಚಿತು. ಡಾಕ್ಟರು ಕಿವಿಗೊಟ್ಟು ನಿಂತರು. ಒಂದಾದ ಮೇಲೊಂದು ಫೋನು, ಪ್ರತಿಯೊಂದಕ್ಕೂ ಎರಡೇ ಎರಡು ನಿಮಿಷ. "ಮೆತ್ತಗಿರೋದು ತಿನ್ನಿ. ಚುಚ್ಚೋ ಕಡೆ ಮೇಣ ಅಂಟಿಸಿ. ನಾಳೆ ನಾನೇ ಫೋನ್ ಮಾಡಿ ವಿಚಾರಿಸ್ತೀನಿ" ಎಂಬಷ್ಟು ಸ್ಪಷ್ಟವಾಗಿ ಕೇಳಿಸಿತು. ಆಮೇಲಿನದ್ದು ಗುಸುಗುಸು, ಅದರ ಹಿಂದೆಯೇ ನಗು.

ನಾಲ್ಕಕ್ಕೆ ಸರಿಯಾಗಿ ಟೀಚರಮ್ಮ ಬಂದು ಕುರ್ಚಿಯಲ್ಲಿ ಕೂತರು. ಡಾಕ್ಟರು ಜೋಲುಮುಖಕ್ಕೆ ಮಾಸ್ಕ್ ಏರಿಸಿಕೊಂಡು ಇಕ್ಕಳ ಎತ್ತಿದರು.

"ಅದನ್ನ ಕೆಳಗಿಡಿ. ನೋವಿದೆ, ಇರ್ಲಿ ಬಿಡಿ. ಇವತ್ತಿಗೆ ಮೂರನೇ ದಿನ!" ಎಂದು ಟೀಚರಮ್ಮ ಎದೆಯುಬ್ಬಿಸಿದರು.

ಡಾಕ್ಟರ ಎದೆ ಅದಕ್ಕಿಂತ ಎರಡು ಗೇಣು ಹೆಚ್ಚೇ ಉಬ್ಬಿತು. "ನೋಡಿದ್ರಾ! ದೂರದಿಂದಲೇ ಮಾತಾಡಿ ನೋವು ಇಳಿಸೋದು ಅಂದ್ರೆ ಇದು. ಪೂರ್ತಿ ನನ್ನ ಉಪಾಯ!"

"ಅಮ್ಮಾವ್ರು ಎಲ್ಲಾ ಹೇಳಿದ್ರು ಡಾಕ್ಟ್ರೇ. ಓದೋವಾಗ ನೀವೂ ಕ್ಲಿಪ್ ಹಾಕಿಸಿಕೊಂಡಿದ್ರಂತೆ. ಎರಡನೇ ದಿನ ಸಂಜೆಗೇ ಅತ್ತುಕೊಂಡು ಹೋಗಿ ಬಿಚ್ಚಿಸಿಕೊಂಡ್ರಂತೆ. ಕೆಳಗಿನ ಹಲ್ಲು ಇವತ್ತಿಗೂ ಸೊಟ್ಟವಂತೆ!"

ಡಾಕ್ಟರು ಬಾಗಿಲ ಕಡೆ ತಿರುಗಿದರು. ಆಚೆ ಹೆಂಡತಿ ನಲವತ್ತಮೂರನೆಯವರಿಗೆ ಹೇಳುತ್ತಿದ್ದಳು: "ನಿಮ್ಮದು ಎಷ್ಟು ದಿನ ಆಯ್ತು? ಆರಾ? ಹಾಗಾದ್ರೆ ನೀವು ನಮ್ಮ ಯಜಮಾನ್ರಿಗಿಂತ ಮೂರು ಪಾಲು ಗಟ್ಟಿ!"

ಟೀಚರಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಬನ್ನಿ, ಕೂತ್ಕೊಳ್ಳಿ. ಮಾಸ್ಕ್ ತೆಗೀರಿ."

ಡಾಕ್ಟರು ಮಾಸ್ಕ್ ತೆಗೆದು ಕೂತು ಬಾಯಿ ತೆರೆದರು.

ಟೀಚರಮ್ಮ ಬಗ್ಗಿ ನೋಡಿ, ಹೊಸ ಕ್ಲಿಪ್ಪುಗಳೆಲ್ಲ ಕಾಣುವಂತೆ ನಕ್ಕರು. "ಛೆ ಛೆ! ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸಿ ಸರಿಮಾಡಿಸ್ಕೊಳ್ಳಿ. ಹೆದರಬೇಡಿ, ನಾನು ದಿನಾ ಫೋನ್ ಮಾಡ್ತೀನಿ!"