ತಾಷ್ತಾನ್ ಯೂನಿಫಾರ್ಮ್ ತೊಟ್ಟ ದಿನ

ಶನಿವಾರ ಬೆಳಿಗ್ಗೆ ಏಳೂವರೆಗೆ ಲಾರಿ ಡ್ರೈವರ್ ತಾಷ್ತಾನ್ ಕನ್ನಡಿ ಮುಂದೆ ನಿಂತು, ಒಳಗಿದ್ದವನ ಗುರುತು ಸಿಗದೆ ಬೆಚ್ಚಿಬಿದ್ದ. ಕನ್ನಡಿಯೊಳಗಿನವನು ನೆತ್ತಿಯಿಂದ ಹಿಮ್ಮಡಿಯವರೆಗೆ ಕಿತ್ತಳೆ ಬಣ್ಣದಲ್ಲಿದ್ದ. ತೋಳಿಗೆ, ಎದೆಗೆ, ಮೊಣಕಾಲಿಗೆ ಫಳಫಳ ಹೊಳೆಯುವ ಬೆಳ್ಳಿ ಪಟ್ಟಿ. ಬೆನ್ನ ಮೇಲೆ ಕಂಪನಿಯ ಹೆಸರು, ಅದರಡಿಯಲ್ಲಿ ಕುರುಡನಿಗೂ ಕಾಣುವಷ್ಟು ದೊಡ್ಡದಾಗಿ ಕಂಪನಿಯ ಫೋನ್ ನಂಬರು.

"ಏನೇ, ಲಾರಿ ಡ್ರೈವರ್ ಥರ ಕಾಣ್ತೀನಾ?" ಅಂತ ಹೆಂಡತಿಯನ್ನು ಕೇಳಿದ.

"ಕಾಣಲ್ಲ. ಅದಕ್ಕೇ ಚೆನ್ನಾಗಿ ಕಾಣ್ತಿದೀರ," ಅಂದಳು ಬುರುಲ್.

ತಾಷ್ತಾನ್‌ಗೆ ಐವತ್ಮೂರು. ತನ್ನೂರು ಕಾರಾ-ಬಾಲ್ತಾದಿಂದ ಹೊರಟು ತೋ-ಆಶೂ ಘಾಟಿ ಹತ್ತಿಳಿದು ಓಷ್‌ಗೆ ಹೋಗಿ ಬರುವುದು ಅವನಿಗೆ ಇಪ್ಪತ್ತಾರು ವರ್ಷದ ಕೆಲಸ. ಅಷ್ಟೂ ವರ್ಷ ಅವನ ಉಡುಪು ಒಂದೇ: ಮಂಡಿಯ ಹತ್ತಿರ ಜೋಳಿಗೆಯಂತೆ ಜೋತುಬಿದ್ದ ನೀಲಿ ಟ್ರ್ಯಾಕ್ ಪ್ಯಾಂಟು, ತೋಳಿಲ್ಲದ ದಪ್ಪ ಜಾಕೀಟು, ತಲೆಗೆ ಬಿಳಿ ಉಣ್ಣೆಯ ಕಲ್ಪಾಕ್ ಟೋಪಿ, ಕ್ಯಾಬಿನ್ನಿನೊಳಗೆ ರಬ್ಬರ್ ಚಪ್ಪಲಿ. ಶೂ ಹಾಕಿಕೊಂಡು ಕ್ಯಾಬಿನ್ ಹತ್ತುವವನನ್ನು ಅವನು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಕ್ಯಾಬಿನ್ ಅಂದರೆ ಮನೆ. ಅಲ್ಲಿ ಮಲಗಬೇಕು, ಚಹಾ ಕಾಯಿಸಬೇಕು. ಮನೆಯಲ್ಲಿ ಯಾರಾದರೂ ಯೂನಿಫಾರ್ಮ್ ಹಾಕಿಕೊಂಡು ಕೂರುತ್ತಾರಾ?

ಇದನ್ನೇ ಅವನು ಗುರುವಾರ ಕಂಪನಿಯ ಹೊಸ ಮ್ಯಾನೇಜರ್ ನಾಜಿರಾ ಎದುರು ಹೇಳಿದ್ದ. ರಾಜಧಾನಿಯಿಂದ ಬಂದಿದ್ದ ಆ ಹುಡುಗಿ ಹನ್ನೆರಡು ಡ್ರೈವರುಗಳಿಗೂ ಒಂದೊಂದು ಪ್ಲಾಸ್ಟಿಕ್ ಚೀಲ ಹಂಚಿ, "ಶನಿವಾರದಿಂದ ಯೂನಿಫಾರ್ಮ್ ಇಲ್ಲದೋರಿಗೆ ಲಾರಿ ಕೀ ಇಲ್ಲ ಅಣ್ಣಂದಿರಾ. ಲಾರಿ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಹೊರಡಬೇಕು," ಎಂದು ನಗುನಗುತ್ತಲೇ ಹೇಳಿದ್ದಳು.

ಹನ್ನೆರಡು ಮಂದಿಯೂ ಆ ಸಂಜೆ ಡಿಪೋ ಹಿಂದಿನ ಚಹಾದಂಗಡಿಯಲ್ಲಿ ಸೇರಿ, ರೊಟ್ಟಿ ಮುಟ್ಟಿ ಆಣೆ ಮಾಡಿದರು. ಯಾರೂ ಆ ಬಟ್ಟೆ ತೊಡಕೂಡದು. ಮೊದಲು ರೊಟ್ಟಿ ಮುಟ್ಟಿದವನು ತಾಷ್ತಾನ್. "ಇದನ್ನ ನಾನು ಹಾಕ್ಕೊಂಡ್ರೆ ನನ್ನನ್ನ ಮೂಲಂಗಿ ಅಂತ ಕರೀರಿ!" ಎಂದು ಮೇಜು ಗುದ್ದಿದವನೂ ಅವನೇ.

ಶುಕ್ರವಾರ ರಾತ್ರಿ ಓಷ್‌ನಿಂದ ಮಗಳು ಜಿಬೆಕ್ ಫೋನ್ ಮಾಡಿದಳು. ಭಾನುವಾರ ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕುವ ಔತಣ. ತಾಷ್ತಾನ್‌ನ ಮೊದಲ ಮೊಮ್ಮಗಳು. ಹುಟ್ಟಿ ಎರಡು ತಿಂಗಳಾದರೂ, ಅಷ್ಟೂ ದಿನ ಓಷ್ ಟ್ರಿಪ್ಪೆಲ್ಲ ಬೇರೆಯವರ ಪಾಲಾಗಿ, ಅವನಿನ್ನೂ ಮುಖ ನೋಡಿರಲಿಲ್ಲ. ತಿಂಗಳ ಕೊನೆಯವರೆಗೆ ಯಾರಿಗೂ ರಜೆ ಇಲ್ಲ. ಆದರೆ ಶನಿವಾರ ಓಷ್‌ಗೆ ಒಂದು ಲೋಡು ಹಿಟ್ಟು ಹೋಗುವುದಿತ್ತು, ಆ ಟ್ರಿಪ್ಪು ಅವನ ಹೆಸರಿಗೇ ಬಿದ್ದಿತ್ತು. "ಅಪ್ಪಾ, ಬರ್ತೀಯ ತಾನೆ?" ಅಂದಳು ಮಗಳು. "ಬರದೆ?" ಅಂದ ತಾಷ್ತಾನ್. ಫೋನ್ ಇಟ್ಟವನ ಕಣ್ಣು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಹೋಯಿತು.

ಅವನ ಉಪಾಯ ಸರಳವಾಗಿತ್ತು. ನಾಜಿರಾ ಎಂಟೂವರೆಗೇ ಬರುತ್ತಾಳೆ, ಉಳಿದ ಡ್ರೈವರುಗಳು ಬರುವುದು ಹತ್ತಕ್ಕೆ. ಹಿಂಬಾಗಿಲಿನಿಂದ ನುಸುಳಿ, ಫೋಟೋ ಹೊಡೆಸಿಕೊಂಡು, ಕೀ ಹಿಡಿದು ಹೊರಟುಬಿಡುವುದು. ಘಾಟಿಯ ಮೊದಲ ತಿರುವಿನಲ್ಲಿ ಬಟ್ಟೆ ಬದಲಾಯಿಸಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

"ನನ್ನ ಟ್ರ್ಯಾಕ್ ಪ್ಯಾಂಟ್ ಎಲ್ಲಿ?" ಎಂದು ಹುಡುಕಿದ.

"ನೆನೆ ಹಾಕಿದೀನಿ," ಅಂದಳು ಬುರುಲ್, ಬಚ್ಚಲಿನ ಕಡೆ ಕೈ ತೋರಿಸುತ್ತ. "ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತಾ? ನೀವು ಅದನ್ನ ಬಿಚ್ಚಿದ ಕೂಡಲೇ ನೀರಿಗೆ ಹಾಕ್ಬಿಟ್ಟೆ."

"ಜೇಬಲ್ಲಿ ನನ್ನ ಫೋನಿತ್ತಲ್ಲೇ!"

ಇಬ್ಬರೂ ಬಚ್ಚಲಿಗೆ ಓಡಿದರು. ಫೋನು ಸೋಪಿನ ನೊರೆಯೊಳಗೆ ತಣ್ಣಗೆ ಮಲಗಿತ್ತು.

ಜಗಳಕ್ಕೆ ಹೊತ್ತಿರಲಿಲ್ಲ. ತಾಷ್ತಾನ್ ಕಿತ್ತಳೆ ಕ್ಯಾಪನ್ನು ಮೂಗಿನವರೆಗೆ ಎಳೆದುಕೊಂಡು, ಕೋಳಿ ಕದ್ದವನಂತೆ ಗೋಡೆ ಸವರುತ್ತ ಬೀದಿಗಿಳಿದ. ನಾಲ್ಕು ಮನೆ ದಾಟಿದ್ದನೋ ಇಲ್ಲವೋ, ಜೂರಾಕಾನ್ ಅಜ್ಜಿಯ ಊರುಗೋಲು ಅಡ್ಡ ಬಂತು.

"ಅಂತೂ ಬಂದ್ಯೇನಪ್ಪ! ಹದಿನೈದು ದಿನದಿಂದ ನಗರಸಭೆಗೆ ಫೋನ್ ಮಾಡಿ ಮಾಡಿ ನನ್ನ ನಾಲಗೆ ಸವೆದುಹೋಯ್ತು. ನೋಡು ಬಾ, ಕಾಲುವೆ ಕಟ್ಕೊಂಡು ನೀರೆಲ್ಲ ಆಲೂಗಡ್ಡೆ ಪಾತಿಗೆ ನುಗ್ತಿದೆ."

"ಅಜ್ಜಿ, ನಾನು ನಗರಸಭೆಯವನಲ್ಲ. ನಾನು ತಾಷ್ತಾನ್, ಆ ಮೂಲೆ ಮನೆ ತಾಷ್ತಾನ್!"

ಅಜ್ಜಿ ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದಳು. "ಯಾರ ಹತ್ರ ಹೇಳ್ತೀಯ? ತಾಷ್ತಾನ್‌ಗೆ ಇಷ್ಟು ಒಳ್ಳೆ ಬಟ್ಟೆ ಎಲ್ಲಿಂದ ಬರಬೇಕು? ಅವನ ಪ್ಯಾಂಟು ಅವನಿಗಿಂತ ಮುಂಚೆ ಬೀದಿ ತಿರುವಲ್ಲಿ ಕಾಣಿಸುತ್ತೆ. ಕೆಲಸ ತಪ್ಪಿಸ್ಕೊಳ್ಳೋಕೆ ಪಾಪ ಆ ಬಡಪಾಯಿ ಹೆಸರು ಹೇಳ್ಬೇಡ."

ನೀರು ನಿಜವಾಗಿಯೂ ಪಾತಿಗೆ ನುಗ್ಗುತ್ತಿತ್ತು. ವಾದ ಮಾಡುವುದಕ್ಕಿಂತ ಕಾಲುವೆಗೆ ಕೈ ಹಾಕುವುದೇ ಬೇಗ ಮುಗಿಯುತ್ತದೆ ಅನಿಸಿತು ತಾಷ್ತಾನ್‌ಗೆ. ಹರಿದ ಗೋಣಿ, ಎರಡು ಬಾಟಲಿ, ಒಂದು ಮಗುವಿನ ಬೂಟು ಈಚೆ ಬಂದವು. ನೀರು ಗೊಳಕ್ಕನೆ ಹರಿಯಿತು. ಅಜ್ಜಿ ಅವನ ಜೇಬಿಗೆ ಬಿಸಿ ಬೋರ್ಸೋಕ್ ತುರುಕಿ, "ದೇವರು ನಿನ್ನ ಇನ್‌ಸ್ಪೆಕ್ಟರ್ ಮಾಡ್ಲಿ," ಎಂದು ಹರಸಿದಳು. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನ ತುಂಡುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಅವನು ಮಿನಿ ಬಸ್ಸಿಗೆ ಓಡಿದ. ಆಗಲೇ ಎಂಟೂಕಾಲು.

ಬಸ್ಸು ತುಂಬಿತ್ತು. ಅವನು ಹತ್ತಿದ್ದೇ ಎಲ್ಲರ ಕಣ್ಣೂ ಆ ಕಿತ್ತಳೆ ಬಣ್ಣದ ಮೇಲೆ ಬಿತ್ತು. ಕಿಟಕಿ ಪಕ್ಕದ ದಪ್ಪ ಹೆಂಗಸೊಬ್ಬಳು, "ಏನಣ್ಣ, ನಮ್ಮ ಬೀದಿಗೆ ಕರೆಂಟ್ ಯಾವಾಗ ಬರುತ್ತೆ?" ಎಂದು ಶುರು ಮಾಡಿದಳು.

"ನಾನು ಕರೆಂಟಿನವನಲ್ಲಮ್ಮ."

"ಓಹೋ, ಹಾಗಾದ್ರೆ ಗ್ಯಾಸಿನವರು!" ಅಂದ ಹಿಂದಿನ ಸೀಟಿನ ಮುದುಕ. "ನಮ್ಮ ಮನೆ ಗ್ಯಾಸ್ ಒಲೇಲಿ ಒಂದು ಕಡ್ಡಿ ಗೀರಿದಷ್ಟೂ ಉರಿ ಬರ್ತಿಲ್ಲ."

"ಗ್ಯಾಸಿನವನೂ ಅಲ್ಲ ಅಜ್ಜ."

"ನೋಡಿದ್ರಾ? ಇವರು ಯಾವತ್ತೂ ಹೀಗೇ! ಕೇಳಿದ್ರೆ ನಮ್ಮ ಇಲಾಖೆ ಅಲ್ಲ ಅಂತಾರೆ!" ಎಂದು ಇಡೀ ಬಸ್ಸು ಅವನ ಮೇಲೆ ಬಿತ್ತು. ರಸ್ತೆಯ ಗುಂಡಿ, ಬೀದಿನಾಯಿ, ನಲ್ಲಿಯ ಕೆಂಪು ನೀರು ಎಲ್ಲಕ್ಕೂ ಅವನೇ ಹೊಣೆಯಾದ. ಕೊನೆಗೆ ರೋಸಿಹೋಗಿ ತಾಷ್ತಾನ್, "ನಾಳೆ ಮೂರು ಗಂಟೆಗೆ ಎಲ್ಲಾ ಸರಿಹೋಗುತ್ತೆ!" ಎಂದು ಕಿರುಚಿದ.

ಬಸ್ಸು ಶಾಂತವಾಯಿತು. "ಟೈಮ್ ಹೇಳಿದ ಮೊದಲನೇ ಮನುಷ್ಯ ನೀವೇ," ಎಂದು ದಪ್ಪ ಹೆಂಗಸು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಆದರೆ ಕೂರುವ ಯೋಗ ಅವನಿಗಿರಲಿಲ್ಲ. ಬಜಾರಿನ ನಾಲ್ಕು ದಾರಿ ಕೂಡುವಲ್ಲಿ ಬಸ್ಸು ಗಕ್ಕನೆ ನಿಂತಿತು. ಸಿಗ್ನಲ್ ದೀಪ ಕೆಟ್ಟಿತ್ತು. ಉದ್ದನೆಯ ಟ್ರೇಲರ್ ಒಂದು ತಿರುವಿನಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಅದರ ಸುತ್ತ ಒಂದು ಹಿಂಡು ಕುರಿ, ಕಲ್ಲಂಗಡಿ ತುಂಬಿದ ಆರು ವ್ಯಾನು, ಮದುವೆ ದಿಬ್ಬಣದ ನಾಲ್ಕು ಕಾರು. ಎಲ್ಲರೂ ಹಾರ್ನ್ ಒತ್ತುತ್ತಿದ್ದರು. ನಡುವೆ ಎಳೆಯ ಪೊಲೀಸಿನವನೊಬ್ಬ ಅಳು ಬರುವ ಮುಖ ಮಾಡಿಕೊಂಡು ಸೀಟಿ ಊದುತ್ತಿದ್ದ.

ತಾಷ್ತಾನ್ ನಡೆದೇ ಹೋಗೋಣವೆಂದು ಕೆಳಗಿಳಿದ. ಪೊಲೀಸಿನವನಿಗೆ ಆ ಕಿತ್ತಳೆ ಬಣ್ಣ ಕಂಡದ್ದೇ ಹೋದ ಪ್ರಾಣ ಬಂದಂತಾಯಿತು.

"ರಸ್ತೆ ಇಲಾಖೆಯವರಾ? ಬನ್ನಿ ಬನ್ನಿ! ಈ ಕಡೆ ನೀವು ಹಿಡೀರಿ!" ಎಂದು ಕೈಗೆ ಪಟ್ಟೆಪಟ್ಟೆ ಕೋಲು ಕೊಟ್ಟೇಬಿಟ್ಟ.

"ನಾನು ಬರೀ ಡ್ರೈವರ್ ಕಣಯ್ಯ..." ಎಂದು ರಾಗ ಎಳೆಯುವಷ್ಟರಲ್ಲಿ ತಾಷ್ತಾನ್‌ನ ಕಣ್ಣು ಟ್ರೇಲರಿನ ಚಕ್ರದ ಮೇಲೆ ಬಿತ್ತು. ಡ್ರೈವರು ಸ್ಟಿಯರಿಂಗನ್ನು ತಪ್ಪು ಕಡೆಗೆ ತಿರುಗಿಸುತ್ತಿದ್ದ. ಇಪ್ಪತ್ತಾರು ವರ್ಷ ಘಾಟಿ ಓಡಿಸಿದವನಿಗೆ ಅದನ್ನು ನೋಡಿಕೊಂಡು ಸುಮ್ಮನೆ ಹೋಗುವುದು ಆಗದ ಮಾತು.

"ಏಯ್ ತಮ್ಮಾ! ಎಡಕ್ಕಲ್ಲ, ಬಲಕ್ಕೆ ಕಟ್ ಮಾಡು! ಪೂರ್ತಿ! ಈಗ ಹಿಂದೆ ಬಾ... ಬಾ... ನಿಲ್ಲು! ಏ ಕುರಿಯವರೇ, ನಿಮ್ಮ ಸಂಸಾರಾನ ಆ ಅಂಗಡಿ ಪಕ್ಕಕ್ಕೆ ಒತ್ತಿ! ಮದುಮಗ, ನೀನು ಹಾರ್ನ್ ಒತ್ಬೇಡ, ಅವಳೆಲ್ಲೂ ಓಡಿಹೋಗಲ್ಲ!"

ಜನ ನಕ್ಕರು. ನಕ್ಕವರು ಮಾತು ಕೇಳಿದರು. ಅಂಗುಲ ಅಂಗುಲವಾಗಿ ಟ್ರೇಲರ್ ಬಿಡಿಸಿಕೊಂಡಿತು. ಕುರಿ ಹೋದವು, ಕಲ್ಲಂಗಡಿ ಹೋದವು, ಮದುಮಗಳು ಕಿಟಕಿಯಿಂದ ಕೈಬೀಸಿ ಹೋದಳು. ಜನ ಚಪ್ಪಾಳೆ ತಟ್ಟಿದರು, ಫೋನು ಎತ್ತಿ ಹಿಡಿದರು. ತಾಷ್ತಾನ್‌ನ ಎದೆ, ಬೇಡವೆಂದರೂ, ಆ ಬೆಳ್ಳಿ ಪಟ್ಟಿಯ ಕೆಳಗೆ ಒಂದು ಬೆರಳು ಉಬ್ಬಿತು. ಆಗ ಬಜಾರಿನ ಗಡಿಯಾರ ನೋಡಿದ. ಹತ್ತು ಹೊಡೆದು ಹತ್ತು ನಿಮಿಷ.

ಡಿಪೋಗೆ ಓಡುತ್ತ ಬಂದವನಿಗೆ ಹಿಂಬಾಗಿಲಿಗೆ ಬೀಗ ಬಿದ್ದಿರುವುದು ಕಾಣಿಸಿತು. ಬೇರೆ ದಾರಿಯಿಲ್ಲದೆ ಮುಂಬಾಗಿಲಿನಿಂದ ಒಳಗೆ ಬಂದ.

ಅಂಗಳದಲ್ಲಿ ಹನ್ನೊಂದು ಡ್ರೈವರುಗಳು ಸಾಲಾಗಿ ನಿಂತಿದ್ದರು. ಹನ್ನೊಂದು ಜೋತುಬಿದ್ದ ಟ್ರ್ಯಾಕ್ ಪ್ಯಾಂಟು, ಹನ್ನೊಂದು ಜೊತೆ ರಬ್ಬರ್ ಚಪ್ಪಲಿ. ಅವನ ಹಳೆಯ ಜೊತೆಗಾರ ಜೆಕ್ಷೆನ್ ನಿಧಾನಕ್ಕೆ ಮುಂದೆ ಬಂದು, ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಮಸ್ಕಾರ ಮೂಲಂಗಿಯವರೇ," ಅಂದ. "ಬಣ್ಣ ಮಾತ್ರ ಕ್ಯಾರೆಟ್ಟಿಂದು."

ಅಂಗಳವೇ ಬಿದ್ದುಹೋಗುವ ಹಾಗೆ ನಗು ಎದ್ದಿತು. ತಾಷ್ತಾನ್‌ನ ಮುಖ ಬಟ್ಟೆಗಿಂತ ಒಂದು ಬಣ್ಣ ಮುಂದೆ ಹೋಯಿತು. "ಮೊಮ್ಮಗಳ ತೊಟ್ಟಿಲ ಔತಣ ಕಣ್ರೋ... ನಾಳೆ... ಓಷ್‌ನಲ್ಲಿ..." ಎಂದು ತೊದಲಿದ.

ನಗು ಇಳಿಯಿತು. ಜೆಕ್ಷೆನ್ ತಲೆ ಕೆರೆದುಕೊಂಡ. "ಮೊದಲೇ ಹೇಳೋಕೇನಾಗಿತ್ತೋ? ನಾವ್ಯಾರೂ ತೊಡಲ್ಲ ಅಂತ ಗೊತ್ತಾಗಿ ಒಂಬತ್ತೂವರೆಗೇ ಕಂಪನಿ ಯಜಮಾನರು ಫೋನ್ ಮಾಡಿ, ಏನಾದ್ರೂ ಹಾಕ್ಕೊಂಡು ಹೋಗ್ಲಿ, ಹಿಟ್ಟು ಹೋದ್ರೆ ಸಾಕು ಅಂತ ಯೂನಿಫಾರ್ಮ್ ರದ್ದು ಮಾಡಿದ್ರು. ನಿನಗೆ ಇಪ್ಪತ್ತು ಸಲ ಫೋನ್ ಮಾಡಿದೆ. ಎತ್ಲಿಲ್ಲ."

"ಫೋನು ಸೋಪಿನ ನೀರಲ್ಲಿದೆ," ಅಂದ ತಾಷ್ತಾನ್.

"ನೀನು ಬರ್ಲಿಲ್ಲ ಅಂತ ಓಷ್ ಟ್ರಿಪ್ ನನಗೆ ಕೊಟ್ರು. ತಗೋ." ಜೆಕ್ಷೆನ್ ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟ. "ಹೋಗು. ಮಗು ಬಾಯಿಗೆ ನನ್ನ ಹೆಸರಲ್ಲೂ ಒಂದು ಹನಿ ಜೇನು ಮುಟ್ಟಿಸು. ಆದ್ರೆ ಮೊದಲು ಆ ಸಿಪ್ಪೆ ಸುಲಿದು ಬಿಸಾಕು. ನನ್ನ ಹತ್ರ ಇನ್ನೊಂದು ಟ್ರ್ಯಾಕ್ ಪ್ಯಾಂಟಿದೆ."

ತಾಷ್ತಾನ್ ಕಣ್ಣೊರೆಸಿಕೊಂಡು ಜಾಕೆಟ್ಟಿನ ಮೊದಲ ಗುಂಡಿಗೆ ಕೈ ಹಾಕಿದ.

"ಬಿಚ್ಚಬೇಡಿ ಅಣ್ಣ! ಬಿಚ್ಚಬೇಡಿ!" ಎಂದು ಕೂಗುತ್ತ ನಾಜಿರಾ ಆಫೀಸಿನ ಮೆಟ್ಟಿಲಿಳಿದು ಓಡಿಬಂದಳು. ಅವಳ ಫೋನಿನಲ್ಲಿ ಒಬ್ಬ ಕಿತ್ತಳೆ ಮನುಷ್ಯ ಕುರಿಗಳ ನಡುವೆ ಕೋಲು ಬೀಸುತ್ತಿದ್ದ. ಬೆನ್ನಿನ ಫೋನ್ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು.

"ಅರ್ಧ ಗಂಟೇಲಿ ಇಡೀ ಊರು ನೋಡಿದೆ. ಆ ನಂಬರಿಗೆ ಏಳು ಜನ ವ್ಯಾಪಾರಿಗಳು ಫೋನ್ ಮಾಡಿ, ಆ ಮನುಷ್ಯನ ಕಂಪನಿ ಲಾರಿನೇ ಬೇಕು ಅಂತಿದಾರೆ. ಯಜಮಾನರಿಗೆ ಕಾಲು ನೆಲದ ಮೇಲೆ ನಿಲ್ತಿಲ್ಲ! ಎಲ್ಲಾ ಲಾರಿ ಹಿಂದೆ ನಿಮ್ಮ ಫೋಟೋ ಹಾಕಿಸ್ತಾರಂತೆ."

"ಅಂದ್ರೆ ಮತ್ತೆ ಎಲ್ಲರಿಗೂ ಯೂನಿಫಾರ್ಮಾ?" ಎಂದು ಜೆಕ್ಷೆನ್ ಗಾಬರಿಯಾದ.

"ಇಲ್ಲಣ್ಣ, ನಿಮಗೆ ಕೊಟ್ಟ ಮಾತು ಮಾತೇ. ರದ್ದು ಅಂದ್ರೆ ರದ್ದು." ನಾಜಿರಾ ತಾಷ್ತಾನ್ ಕಡೆ ತಿರುಗಿ ಅಕ್ಕರೆಯಿಂದ ನಕ್ಕಳು. "ಇವರೊಬ್ಬರಿಗೆ ಮಾತ್ರ. ಫೋಟೋದಲ್ಲಿರೋರು ರಸ್ತೇಲಿ ಬೇರೆ ಥರ ಕಾಣೋ ಹಾಗಿಲ್ಲವಲ್ಲ? ನಿವೃತ್ತಿ ಆಗೋವರೆಗೆ ಓಷ್ ದಾರಿ ನಿಮ್ಮದೇ ಅಂತ ಹೇಳಿದಾರೆ. ಮತ್ತೆ, ಬಟ್ಟೆಗೆ ನೀವು ಯೋಚನೆ ಮಾಡ್ಬೇಡಿ." ಅವಳು ಗೋಡೆ ಪಕ್ಕ ತೋರಿಸಿದಳು. ಉಳಿದವರು ಹಿಂದಿರುಗಿಸಿದ ಹನ್ನೊಂದು ಪ್ಲಾಸ್ಟಿಕ್ ಚೀಲಗಳು ಸಾಲಾಗಿ ಕೂತಿದ್ದವು. "ಎಲ್ಲಾ ನಿಮಗೇ."

ಹನ್ನೊಂದು ಡ್ರೈವರುಗಳು ತಲೆಗೊಂದು ಚೀಲ ಹೊತ್ತು, ಮದುಮಗನ ಹಿಂದೆ ಉಡುಗೊರೆ ಹೊತ್ತು ನಡೆಯುವ ನೆಂಟರಂತೆ, ಗಂಭೀರವಾಗಿ ಅವನ ಕ್ಯಾಬಿನ್ನಿಗೆ ತುಂಬಿಕೊಟ್ಟರು. ತಾಷ್ತಾನ್ ಶೂ ಬಿಚ್ಚಿ ಕ್ಯಾಬಿನ್ ಹತ್ತಿದ.

ಭಾನುವಾರ ಮಧ್ಯಾಹ್ನ ಓಷ್‌ನ ಬೀಗರ ಮನೆಯೊಳಗೆ ಬೇಗೆಯೋ ಬೇಗೆ. ತೊಟ್ಟಿಲಿಗೆ ಹಾಕಿದ್ದೇ ಮಗು ರಚ್ಚೆ ಹಿಡಿದು ಅಳುತ್ತಿತ್ತು. ಇಪ್ಪತ್ತು ಹೆಂಗಸರು ಲಾಲಿ ಹಾಡಿ ಸೋತಿದ್ದರು. ಹಿಟ್ಟು ಇಳಿಸಿ ನೇರ ಬಂದಿದ್ದ ತಾಷ್ತಾನ್ ಅಳುಕುತ್ತ ಒಳಗೆ ಬಂದು, ತೊಟ್ಟಿಲ ಮೇಲೆ ಬಗ್ಗಿದ. ಕಿಟಕಿಯ ಬಿಸಿಲು ಎದೆಯ ಬೆಳ್ಳಿ ಪಟ್ಟಿಗೆ ತಾಗಿ ಚಿಮ್ಮಿತು. ಮಗು ಅಳು ನಿಲ್ಲಿಸಿ ಕಣ್ಣರಳಿಸಿತು. ಬೊಚ್ಚು ಬಾಯಿ ತೆರೆದು ನಕ್ಕಿತು.

"ಅಪ್ಪಾ, ನಿನ್ನ ಗುರುತು ಹಿಡಿದಳು ನೋಡು!" ಅಂದಳು ಜಿಬೆಕ್, ಅಳುತ್ತ ನಗುತ್ತ.

ತಾಷ್ತಾನ್ ಬೆವರು ಒರೆಸಿಕೊಂಡು, "ಅಮ್ಮಾ, ನಿನ್ನ ಗಂಡನ ಹತ್ರ ಒಂದು ತೆಳ್ಳನೆ ಅಂಗಿ ಇದ್ರೆ ಕೊಡ್ತೀಯಾ? ಈ ಬಿಸಿಲಿಗೆ..." ಎನ್ನುತ್ತ ಗುಂಡಿ ಬಿಚ್ಚಿದ. ಮಗುವಿನ ತುಟಿ ತಕ್ಷಣ ನಡುಗಿತು.

"ಹಾಕ್ಕೊಳ್ಳಿ ಬೀಗರೇ, ಹಾಕ್ಕೊಳ್ಳಿ!" ಎಂದು ಬೀಗಿತ್ತಿ ಓಡಿಬಂದು ತಾನೇ ಅವನ ಗುಂಡಿಗಳನ್ನು ಕತ್ತಿನವರೆಗೂ ಹಾಕಿದಳು. "ಸಂಜೆವರೆಗೆ ಇಲ್ಲೇ ಕೂತ್ಕೊಳ್ಳಿ. ಅಲ್ಲಾಡಬೇಡಿ. ಊಟ ನಾವೇ ತಿನ್ನಿಸ್ತೀವಿ."